ಮೊದಲು ಡಿಪ್‌ಸ್ಟಿಕ್ ಮೂಸಿ, ಆಮೇಲೆ ಕಾರ್ಬೊರೇಟರ್ ಬಿಚ್ಚಿ

ಹಳೇ ಅಂಬಾಸಿಡರ್ ಆಗಲಿ, ಪದ್ಮಿನಿ ಆಗಲಿ, ಜರ್ಕ್ ಹೊಡೆಯೋಕೆ ಶುರುವಾದರೆ ಎಲ್ಲರ ಕೈಯೂ ಮೊದಲು ಹೋಗುವುದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಸ್ಕ್ರೂಗೆ. ಅರ್ಧ ಸುತ್ತು ಬಿಗಿ, ಕಾಲು ಸುತ್ತು ಸಡಿಲ. ಗಾಡಿಯೂ ಸರಿಹೋಗಲ್ಲ, ಮೊದಲಿದ್ದ ಸೆಟ್ಟಿಂಗೂ ಕೈತಪ್ಪುತ್ತೆ. ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಇಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಎಳೆದು ನೋಡಿ.

ಗಾಡಿ ರಾತ್ರಿಯಿಡೀ ಸಮತಟ್ಟು ಜಾಗದಲ್ಲಿ ನಿಂತಿರಬೇಕು, ಇಂಜಿನ್ ತಣ್ಣಗಿರಬೇಕು. ಹದಿನೈದು ದಿನದ ಹಿಂದೆ ಗೆರೆಗೆ ಸರಿಯಾಗಿದ್ದ ಆಯಿಲ್ ಈಗ ಅರ್ಧ ಬೆರಳು ಮೇಲೆ ಬಂದಿದ್ದರೆ ಅದೇನೂ ಮರಿ ಹಾಕಿಲ್ಲ, ಒಳಗೆ ಪೆಟ್ರೋಲ್ ಸೇರಿದೆ. ಮೂಸಿದರೆ ಗೊತ್ತಾಗುತ್ತೆ. ಎರಡು ಬೆರಳ ನಡುವೆ ಹಾಕಿ ಉಜ್ಜಿ: ಒಳ್ಳೇ ಆಯಿಲ್ ಜಿಡ್ಡಾಗಿ ಹಿಡಿಯುತ್ತೆ, ಪೆಟ್ರೋಲ್ ಬೆರೆತದ್ದು ನೀರಿನ ಹಾಗೆ ಜಾರಿಹೋಗುತ್ತೆ. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡುವವರೂ ಇದ್ದಾರೆ, ನೀವು ಮಾಡಬೇಡಿ.

ಈ ಪೆಟ್ರೋಲ್ ಬರುವುದು ಹೆಚ್ಚಾಗಿ ಟ್ಯಾಂಕಿನಿಂದ ಕಾರ್ಬೊರೇಟರ್‌ಗೆ ಪೆಟ್ರೋಲ್ ತಳ್ಳುವ ಪಂಪಿನಿಂದ. ಇಂಜಿನ್ ಪಕ್ಕಕ್ಕೆ ಬೋಲ್ಟ್ ಹಾಕಿ ಕೂರಿಸಿದ ಮೆಕ್ಯಾನಿಕಲ್ ಪಂಪನ್ನು ಕ್ಯಾಮ್‌ಶಾಫ್ಟ್ ನಡೆಸುತ್ತೆ. ಡಯಾಫ್ರಾಮ್‌ನ ಒಂದು ಕಡೆ ಪೆಟ್ರೋಲ್, ಇನ್ನೊಂದು ಕಡೆ ಕ್ರ್ಯಾಂಕ್‌ಕೇಸ್. ನಡುವೆ ಇರುವುದು ತೆಳ್ಳನೆಯ ರಬ್ಬರ್ ಬಟ್ಟೆ ಅಷ್ಟೇ. ಅದು ಸೀಳಿದರೆ ಕಾರ್ಬೊರೇಟರ್‌ಗೆ ಹೋಗಬೇಕಾದ ಪೆಟ್ರೋಲ್ ಸ್ವಲ್ಪ ಸ್ವಲ್ಪವೇ ಕೆಳಗಿನ ಆಯಿಲ್ ಚೇಂಬರ್‌ಗೆ ಇಳಿಯುತ್ತೆ. ಆಗ ಮೇಲೆ ಪಿಕಪ್ ಇಲ್ಲ, ಕೆಳಗೆ ಆಯಿಲ್ ಪ್ರೆಶರ್ ಇಲ್ಲ. ಕಾಯಿಲೆ ಒಂದೇ, ಬಿಲ್ಲು ಮಾತ್ರ ಎರಡು. ಕೆಲವು ಪಂಪುಗಳ ಬಾಡಿಯಲ್ಲಿ ಸೋರುವಿಕೆ ಹೊರಗೆ ಕಾಣಲಿ ಅಂತಲೇ ಸಣ್ಣ ತೂತು ಬಿಟ್ಟಿರುತ್ತಾರೆ. ನಮ್ಮ ಕಡೆಯ ಕರಿಮಣ್ಣಿನ ಧೂಳು ಗ್ರೀಸಿನ ಜೊತೆ ಸೇರಿ ಆ ತೂತು ಮುಚ್ಚಿಕೊಂಡಿರುತ್ತೆ, ಸುಳಿವೇ ಸಿಗಲ್ಲ.

ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಬಂದ ಮೇಲೆ ಮೆಕ್ಯಾನಿಕ್ ಹತ್ತಿರ ಹೋಗೋವರೆಗೆ ಮಾತ್ರ ಓಡಿಸ್ತೀನಿ ಅನ್ನಬೇಡಿ. ಬೇರಿಂಗ್ ಶೆಲ್ ಸವೆಯೋಕೆ ಅಷ್ಟು ದೂರವೇ ಸಾಕು.

ಪಂಪ್ ಪರೀಕ್ಷೆಗೆ ಕಾರ್ಬೊರೇಟರ್‌ಗೆ ಬರುವ ಪೈಪ್ ಬಿಚ್ಚಿ ಬಾಟಲಿಗೆ ಇಡಿ. ಕಾಯಿಲ್‌ನ ಸಣ್ಣ ವೈರ್ ಕಳಚಿ, ಕಿಡಿ ಬರಬಾರದು. ಬೀಡಿ ಸೇದುವವರನ್ನು ದೂರ ಕಳಿಸಿ. ಹತ್ತು ಸೆಕೆಂಡು ಸೆಲ್ಫ್ ಹೊಡೆಸಿ, ನಿಲ್ಲಿಸಿ, ಮತ್ತೆ ಹತ್ತು ಸೆಕೆಂಡು. ಪೆಟ್ರೋಲ್ ಪಿಚಕಾರಿಯ ಹಾಗೆ ತಡೆತಡೆದು ಜೋರಾಗಿ ಚಿಮ್ಮಬೇಕು. ಬರೀ ತೊಟ್ಟಿಕ್ಕಿದರೆ, ಅಥವಾ ಗುಳ್ಳೆ ಗುಳ್ಳೆಯಾಗಿ ಬಂದರೆ, ತಪ್ಪು ಕಾರ್ಬೊರೇಟರ್‌ನದ್ದಲ್ಲ. ಗುಳ್ಳೆ ಅಂದರೆ ಟ್ಯಾಂಕಿಗೂ ಪಂಪಿಗೂ ನಡುವೆ ಎಲ್ಲೋ ಗಾಳಿ ಎಳೆಯುತ್ತಿದೆ. ಅಲ್ಲಿ ಪೆಟ್ರೋಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತೆ, ಅದಕ್ಕೇ ಎಷ್ಟು ಹುಡುಕಿದರೂ ಒದ್ದೆ ಜಾಗ ಸಿಗಲ್ಲ. ಈಗ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿ ಶೇ 20 ಎಥೆನಾಲ್ ಇರುತ್ತೆ. ಹಳೇ ರಬ್ಬರ್ ಹೋಸು, ಡಯಾಫ್ರಾಮು ಇದಕ್ಕೆ ತಡೆಯಲ್ಲ: ಮೊದಲು ಉಬ್ಬುತ್ತೆ, ಆಮೇಲೆ ಬಿರಿಯುತ್ತೆ. ಹೋಸ್ ಬದಲಿಸುವಾಗ ಮೈಮೇಲೆ ಜೆ30 ಆರ್9 ಅಂತ ಅಚ್ಚಿರುವುದನ್ನೇ ಕೇಳಿ ತನ್ನಿ. ನೀರಿನ ಪೈಪ್ ಸಿಕ್ಕಿಸಿ ಕ್ಲಿಪ್ ಹಾಕುವುದು ಬೆಂಕಿ ಕರೆದು ಕೂರಿಸಿದ ಹಾಗೆ.

ಗಾಡಿ ಚೆನ್ನಾಗಿ ಹೊರಟು ಹತ್ತು ಹದಿನೈದು ಕಿಲೋಮೀಟರ್ ಆದ ಮೇಲೆ ಉಸಿರು ಕಟ್ಟಿದ ಹಾಗೆ ನಿಂತರೆ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಯ್ಯ್ ಅಂತ ಗಾಳಿ ಒಳಗೆ ಎಳೆದರೆ ಮುಚ್ಚಳದ ಗಾಳಿತೂತು ಕಟ್ಟಿದೆ ಅಂತಲೇ ಅರ್ಥ. ಇಡೀ ಇಂಜಿನ್ ಬಿಚ್ಚಿಸಿದ ಮೇಲೆ ಇದು ಗೊತ್ತಾಗುವುದೂ ಉಂಟು.

ಬೇಸಿಗೆಯದು ಬೇರೆ ಕಥೆ. ಏಪ್ರಿಲ್ ಮಧ್ಯಾಹ್ನ ಚಿತ್ರದುರ್ಗದಿಂದ ಹೈವೇಲಿ ಬಂದು ಭರಮಸಾಗರದ ಹತ್ತಿರ ಮಿರ್ಚಿ ಮಂಡಕ್ಕಿಗೆ ಅಂತ ಕಾಲು ಗಂಟೆ ನಿಲ್ಲಿಸಿದರೆ ಆಮೇಲೆ ಗಾಡಿ ಸ್ಟಾರ್ಟ್ ಆಗಲ್ಲ. ಓಡುವಾಗ ತಣ್ಣಗೆ ಹರಿಯುತ್ತಿದ್ದ ಪೆಟ್ರೋಲ್ ನಿಂತಾಗ ಬಿಸಿ ಪಂಪಿನಲ್ಲೇ ಆವಿಯಾಗುತ್ತೆ, ಪಂಪಿಗೆ ಆವಿಯನ್ನು ತಳ್ಳೋಕೆ ಬರಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಬಾನೆಟ್ ಎತ್ತಿ ಹತ್ತು ನಿಮಿಷ ಕಾಯಿರಿ. ಸೈಲೆನ್ಸರ್ ಮ್ಯಾನಿಫೋಲ್ಡ್ ಮೇಲೆ ಮಾತ್ರ ನೀರು ಸುರಿಯಬೇಡಿ, ಬೀಡುಕಬ್ಬಿಣ ಸೀಳುತ್ತೆ. ಪೈಪನ್ನು ಮ್ಯಾನಿಫೋಲ್ಡ್‌ನಿಂದ ದೂರ ತಿರುಗಿಸಿ, ಪಂಪಿಗೂ ಬ್ಲಾಕಿಗೂ ನಡುವಿನ ಬೇಕಲೈಟ್ (ಬಿಸಿ ತಡೆಯುವ ಗಟ್ಟಿ ಪ್ಲಾಸ್ಟಿಕ್) ತುಂಡು ಜಾಗದಲ್ಲಿದೆಯಾ ನೋಡಿದರೆ ಅರ್ಧ ತೊಂದರೆ ಮುಗಿದಂತೆ. ಆ ತುಂಡು ಬಿಟ್ಟು ಕೂರಿಸಿದರೆ ಬಿಸಿಯೂ ದಾಟುತ್ತೆ, ಲಿವರ್‌ನ ಓಟವೂ ಬದಲಾಗುತ್ತೆ. ಎಲೆಕ್ಟ್ರಿಕ್ ಪಂಪ್ ಹಾಕಿಬಿಡೋಣ ಅನ್ನುವವರು ಇಂಜೆಕ್ಷನ್ ಗಾಡಿಯ ಪಂಪ್ ಹಾಕಬೇಡಿ. ಅದರ ಒತ್ತಡ ಹತ್ತಾರು ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಈ ಕಾರ್ಬೊರೇಟರ್‌ಗಳಿಗೆ ಎರಡು ಮೂರು ಸಾಕು, ಜಾಸ್ತಿಯಾದರೆ ಫ್ಲೋಟ್ ನೀಡಲ್ ತಡೆಯಲಾರದೆ ಪೆಟ್ರೋಲ್ ಉಕ್ಕುತ್ತೆ.

ಈಗ ಕಾರ್ಬೊರೇಟರ್. ಅದಕ್ಕೂ ಮುಂಚೆ ಪಾಯಿಂಟ್ ಗ್ಯಾಪ್, ಅಂದರೆ ಡಿಸ್ಟ್ರಿಬ್ಯೂಟರ್ ಒಳಗೆ ಕಿಡಿಗಾಗಿ ತೆರೆದು ಮುಚ್ಚುವ ಪಾಯಿಂಟ್‌ಗಳ ಸಂದು, ನೋಡಿರಬೇಕು. 1489 ಸಿಸಿ ಅಂಬಾಸಿಡರ್‌ಗೆ 0.38 ಮಿಮೀ. ಕಾರ್ಬೊರೇಟರ್ ತಲೆಗೆ ಕಟ್ಟುವ ಎಷ್ಟೋ ತಪ್ಪುಗಳು ಪಾಯಿಂಟಿನವು.

ಅಂಬಾಸಿಡರ್‌ನ ಎಸ್‌ಯು ಕಾರ್ಬೊರೇಟರ್ ನೋಡೋಕೆ ಸರಳ, ಆದರೆ ಕೊಳೆ ಸಹಿಸಲ್ಲ. ಏರ್ ಫಿಲ್ಟರ್ ತೆಗೆದು ಕಾರ್ಬೊರೇಟರ್ ಒಳಗಿನ ಪಿಸ್ಟನ್ನನ್ನು (ಇಂಜಿನ್ನಿನದಲ್ಲ) ಬೆರಳಿನಿಂದ ಮೇಲೆತ್ತಿ ಬಿಡಿ. ತಡೆಯಿಲ್ಲದೆ ಇಳಿದು ಕೊನೆಗೆ ಟಕ್ ಅಂತ ಕೂರಬೇಕು. ಆ ಸದ್ದು ಬರದಿದ್ದರೆ ಒಂದೋ ಪಿಸ್ಟನ್ ಆಡುವ ಮೇಲಿನ ಡೋಮ್ ಒಳಗೆ ಕೊಳೆ, ಇಲ್ಲವೇ ಪೆಟ್ರೋಲ್ ಬರುವ ಜೆಟ್ ನಡುವೆ ಕೂತಿಲ್ಲ, ಪಿಸ್ಟನ್ನಿನ ನೀಡಲ್ ಅದಕ್ಕೆ ಉಜ್ಜುತ್ತಿದೆ. ಡೋಮ್ ಒಳಭಾಗವನ್ನು ಬಟ್ಟೆಗೆ ಪೆಟ್ರೋಲ್ ಹಚ್ಚಿ ಒರೆಸಿ. ಉಪ್ಪುಕಾಗದ ಮುಟ್ಟಿಸಬೇಡಿ, ಆ ಸಂದು ಕಣ್ಣಿಗೆ ಕಾಣದಷ್ಟು ಸಣ್ಣದು. ಮೇಲಿನ ಡ್ಯಾಂಪರ್‌ಗೆ ತೆಳು ಆಯಿಲ್ ಬೇಕು, ಎಸ್‌ಎಇ 20 ಸರಿ. ಟೊಳ್ಳು ರಾಡಿನ ಬಾಯಿಂದ ಸುಮಾರು 13 ಮಿಮೀ ಮೇಲಿನವರೆಗೆ ಹಾಕಿ. ಅದು ಖಾಲಿಯಾದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ಒಂದು ಕ್ಷಣ ಮುಗ್ಗರಿಸುತ್ತೆ.

ಮಿಕ್ಸ್ಚರ್ ನೋಡೋಕೆ ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಪಿಸ್ಟನ್ನನ್ನು ಒಂದು ಮಿಲಿಮೀಟರ್‌ಗಿಂತ ಕಡಿಮೆ ಎತ್ತಿ. ಸದ್ದು ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ತಕ್ಷಣ ಕುಸಿದರೆ ಕಡಿಮೆ. ಚೂರು ಏರಿ ಮತ್ತೆ ಮೊದಲಿನಂತಾದರೆ ಸರಿ. ಎಲ್ಲ ಕೆಡಿಸಿಕೊಂಡಿದ್ದರೆ ಜೆಟ್ಟನ್ನು ಪಿಸ್ಟನ್ ಬಂದು ಕೂರುವ ಬ್ರಿಡ್ಜ್ ಮಟ್ಟಕ್ಕೆ ತಂದು, ಜೆಟ್‌ನ ನಟ್ ಎರಡು ಸುತ್ತು ಕೆಳಗೆ ತಿರುಗಿಸಿ ಹೊಸದಾಗಿ ಶುರು ಮಾಡಿ. ಎಷ್ಟು ತಿರುಗಿಸಿದರೂ ಐಡಲ್ ನಿಲ್ಲದಿದ್ದರೆ ಥ್ರಾಟಲ್ ತಿರುಗುವ ಕಡ್ಡಿ (ಸ್ಪಿಂಡಲ್) ಸವೆದಿರಬಹುದು. ಅಲ್ಲಿಗೆ ಕಾರ್ಬ್ ಕ್ಲೀನರ್ ಒಂದು ಸಲ ಹೊಡೆಯಿರಿ. ಸದ್ದು ಬದಲಾದರೆ ಗಾಳಿ ನುಗ್ಗುತ್ತಿರುವುದು ಅಲ್ಲೇ.

ಪದ್ಮಿನಿಯ ಸೋಲೆಕ್ಸ್‌ಗೆ ಬೇರೆ ಗುಣ. ಚೋಕ್ ಎಳೆದರೆ ಮಾತ್ರ ನಿಲ್ಲುತ್ತೆ, ಬಿಟ್ಟರೆ ಆಫ್ ಅಂದರೆ ಐಡಲ್ ಜೆಟ್ ಕಟ್ಟಿದೆ. ಗಾಳಿ ಹೊಡೆದು ತೆರೆಯಿರಿ, ತಂತಿ ತೂರಿಸಬೇಡಿ. ಹಿತ್ತಾಳೆ ತೂತು ಕೂದಲಷ್ಟು ಅಗಲವಾದರೂ ಲೆಕ್ಕ ಕೆಡುತ್ತೆ. ಪೊರಕೆ ಕಡ್ಡಿ ತಂತಿಗಿಂತ ವಾಸಿ, ಆದರೆ ಒಳಗೇ ಮುರಿದರೆ ಪಜೀತಿ. ಪಿಕಪ್ ಸತ್ತಿದ್ದರೆ ಇಂಜಿನ್ ಆಫ್ ಮಾಡಿ ಬಾಯೊಳಗೆ ನೋಡುತ್ತಾ ಥ್ರಾಟಲ್ ಎಳೆಯಿರಿ. ಪೆಟ್ರೋಲ್ ಗೆರೆಯಾಗಿ ಚಿಮ್ಮದಿದ್ದರೆ ಆಕ್ಸಿಲರೇಟರ್ ಪಂಪಿನ ಡಯಾಫ್ರಾಮ್ ಗಟ್ಟಿಯಾಗಿದೆ. ಚೋಕ್ ನಾಬ್ ಒಳಗೆ ಹೋಗಿದೆ ಅಂತ ನಂಬಬೇಡಿ, ಕಾರ್ಬೊರೇಟರ್ ಕಡೆಯ ಲಿವರ್ ಪೂರ್ತಿ ಹಿಂದಕ್ಕೆ ಬಂದಿದೆಯಾ ನೋಡಿ. ಅದು ಅರ್ಧಕ್ಕೇ ಸಿಕ್ಕಿಕೊಂಡರೆ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ರಿಂಗ್ ಸಂದಿಯಲ್ಲಿ ಚೇಂಬರ್‌ಗೆ ಇಳಿಯುತ್ತೆ. ಪಂಪ್ ಚೆನ್ನಾಗಿದ್ದೂ ಡಿಪ್‌ಸ್ಟಿಕ್ ಪೆಟ್ರೋಲ್ ನಾತ ಹೊಡೆದರೆ ಕಾರಣ ಇದೇ ಇರಬಹುದು.

ಪಂಪ್ ಬದಲಿಸಿ, ಆಯಿಲ್ ಇಳಿಸಿ, ಹೊಸ ಫಿಲ್ಟರ್ ಜೊತೆ 20ಡಬ್ಲ್ಯು-50 ಮಿನರಲ್ ಆಯಿಲ್ ಹಾಕಿ. ಈ ಕಾಲದ 5ಡಬ್ಲ್ಯು-30 ಇವಕ್ಕೆ ತೀರಾ ತೆಳು. ಆಮೇಲೆ ಪ್ರೆಶರ್ ಅಳೆಯಿರಿ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೇಳುವುದು ತೀರಾ ತಡವಾದ ಮೇಲೆ, ಅದಕ್ಕೆ ಇಂಜಿನ್ ಮೇಲಿರುವ ಆ ದೀಪದ ಸ್ವಿಚ್ ಬಿಚ್ಚಿ ಅದೇ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಿ. ಇಪ್ಪತ್ತು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಅಂಬಾಸಿಡರ್‌ನಲ್ಲಿ ಐಡಲ್‌ಗೆ 15, ಓಟದಲ್ಲಿ 50 ಪಿಎಸ್‌ಐ ಆಸುಪಾಸು ಇದ್ದರೆ ನಿಶ್ಚಿಂತೆ. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದಾಗ ಬಿದ್ದರೆ, ಹೊಸ ಆಯಿಲ್‌ನಲ್ಲೂ ಹಾಗೇ ಆದರೆ, ಬೇರಿಂಗ್ ಸವೆದಿದೆ. ತಣ್ಣಗೂ ಬಿಸಿಗೂ ಒಂದೇ ಥರ ಕಡಿಮೆ ಇದ್ದರೆ ಜಾಸ್ತಿಯಾದ ಪ್ರೆಶರ್ ಬಿಟ್ಟುಕೊಡುವ ರಿಲೀಫ್ ವಾಲ್ವ್ ಬಿಚ್ಚಿ ನೋಡಿ. ಪ್ಲಂಜರ್ ಕೂರುವ ಜಾಗದಲ್ಲಿ ಒಂದು ಕಣ ಸಿಕ್ಕಿಕೊಂಡರೂ ಸಾಕು, ಆಯಿಲ್ ಬೇರಿಂಗ್‌ಗೆ ಹೋಗದೆ ವಾಪಸ್ ಚೇಂಬರ್‌ಗೆ ಇಳಿಯುತ್ತೆ. ತಿರುವಿನಲ್ಲಿ ಮಾತ್ರ ಮುಳ್ಳು ಅಲ್ಲಾಡಿದರೆ ಲೆವೆಲ್ ಕಮ್ಮಿ.

ಈ ವಾಲ್ವ್‌ನ ಸ್ಪ್ರಿಂಗ್ ಕೆಳಗೆ ವಾಷರ್ ಹಾಕಿ ಪ್ರೆಶರ್ ಏರಿಸಿಕೊಡುವವರಿದ್ದಾರೆ. ಸವೆದ ಬೇರಿಂಗ್ ಇದ್ದರೆ ಬಿಸಿ ಐಡಲ್‌ನ ಅಂಕಿ ಅದರಿಂದ ಏರುವುದೇ ಇಲ್ಲ, ಯಾಕೆಂದರೆ ಆಗ ವಾಲ್ವ್ ಹೇಗೂ ಮುಚ್ಚಿಯೇ ಇರುತ್ತೆ. ಗಾಡಿ ಕೊಳ್ಳುವ ಮುಂಚೆ ಗೇಜ್ ತಗೊಂಡು ಹೋಗುವವರು ಆ ಅಂಕಿಯನ್ನೇ ನೋಡಿ.