ಅನಿಲ ಬೇಡವೆಂದರೆ ಬಡವರಿಗೆ ಅನ್ಯಾಯವಲ್ಲವೇ?

ಇಂಧನ ನೀತಿಯ ಬಗ್ಗೆ ಬರೆಯುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: "ಕಲ್ಲಿದ್ದಲಿಗಿಂತ ನೈಸರ್ಗಿಕ ಅನಿಲ ವಾಸಿಯಲ್ಲವೇ? ಶ್ರೀಮಂತ ದೇಶಗಳು ಬೇಕಾದಷ್ಟು ಉರಿಸಿ ಮುಗಿಸಿದ ಮೇಲೆ, ಬಡ ದೇಶಗಳಿಗೆ ಅನಿಲ ಬೇಡ ಎನ್ನುವುದು ಯಾವ ಸೀಮೆಯ ನ್ಯಾಯ?"

ಪ್ರಶ್ನೆ ನ್ಯಾಯವಾದದ್ದೇ. ಆದರೆ ಸರ್ಕಾರವೊಂದು ಬಡವರ ಹೆಸರು ಹೇಳಿ ಅನಿಲಕ್ಕೆ ಹಣ ಹೂಡಿದಾಗ, ನಾನು ಮಂತ್ರಿಗಳ ಭಾಷಣವನ್ನು ಪಕ್ಕಕ್ಕಿಟ್ಟು ಕರಾರುಪತ್ರ ಏನು ಹೇಳುತ್ತದೆಂದು ನೋಡುತ್ತೇನೆ. ಅನಿಲ ಯಾರಿಗೆ ಹೋಗುತ್ತದೆ, ಎಷ್ಟು ವರ್ಷ, ಬೆಲೆ ಏರಿದರೆ ಹೊರೆ ಯಾರ ತಲೆಗೆ? ಇವಿಷ್ಟು ಗೊತ್ತಾದರೆ ನ್ಯಾಯದ ಮಾತು ಎಷ್ಟು ನಿಜವೆಂದು ಮುಕ್ಕಾಲು ಪಾಲು ತಿಳಿಯುತ್ತದೆ.

ಸರ್ಕಾರಗಳ ಮೊದಲ ಸಮರ್ಥನೆ, ಅನಿಲವು ಕಲ್ಲಿದ್ದಲಿನಿಂದ ಸೌರ ಮತ್ತು ಪವನ ವಿದ್ಯುತ್ತಿಗೆ ದಾಟುವ ಸೇತುವೆ ಎಂಬುದು. ಚಿಮಣಿಯ ಬಳಿ ನಿಂತು ಅಳೆದರೆ ಇದು ಸುಳ್ಳಲ್ಲ. ಅಷ್ಟೇ ವಿದ್ಯುತ್ತಿಗೆ ಅನಿಲ ಉಗುಳುವ ಇಂಗಾಲದ ಡೈಆಕ್ಸೈಡ್ ಕಲ್ಲಿದ್ದಲಿನ ಸುಮಾರು ಅರ್ಧ. ತೊಂದರೆಯಿರುವುದು ಚಿಮಣಿಗೆ ಮುಂಚೆ. ಈ ಅನಿಲದ ಮುಖ್ಯ ಭಾಗ ಮೀಥೇನ್. ಬಾವಿಯಿಂದ, ಕೊಳವೆಯಿಂದ, ಕಂಪ್ರೆಸರ್‌ನಿಂದ ಸೋರಿದ ಮೀಥೇನ್ 20 ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟಿಗೂ ಹೆಚ್ಚು ಬಿಸಿ ಹಿಡಿದಿಡುತ್ತದೆ. ಸೋರಿಕೆ ಹೆಚ್ಚಾದಷ್ಟೂ ಆ ಅರ್ಧದ ಲಾಭ ಕರಗುತ್ತಾ ಹೋಗುತ್ತದೆ. ಇಷ್ಟಾದರೂ 2022ರಲ್ಲಿ ಯುರೋಪಿಯನ್ ಒಕ್ಕೂಟ ಕೆಲವು ಷರತ್ತುಗಳೊಂದಿಗೆ ಅನಿಲ ಸ್ಥಾವರಗಳನ್ನು ಹಸಿರು ಹೂಡಿಕೆಗಳ ಪಟ್ಟಿಗೆ ಸೇರಿಸಿತು. 2023ರ ದುಬೈ ಹವಾಮಾನ ಸಮ್ಮೇಳನದ ಒಪ್ಪಂದವೂ 'ಪರಿವರ್ತನೆಯ ಇಂಧನ'ಗಳಿಗೆ ಒಂದು ಸಾಲು ಮೀಸಲಿಟ್ಟಿತು. ಆ ಸಾಲಿನಲ್ಲಿ ಅನಿಲದ ಹೆಸರಿಲ್ಲ, ಇರಬೇಕಾದ ಅಗತ್ಯವೂ ಇರಲಿಲ್ಲ; ಮಾತು ಅನಿಲದ್ದೇ ಎಂದು ಎಲ್ಲರಿಗೂ ಅರ್ಥವಾಗಿತ್ತು.

ಎರಡನೆಯದು ಭದ್ರತೆ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಗುವವರೆಗೆ, ರಷ್ಯಾದ ಕೊಳವೆ ಅನಿಲವನ್ನೇ ನೆಚ್ಚಿದ್ದ ಜರ್ಮನಿಯಲ್ಲಿ ದ್ರವೀಕೃತ ಅನಿಲ (ಹಡಗಿನಲ್ಲಿ ಸಾಗಿಸಲು ತಣಿಸಿ ದ್ರವವಾಗಿಸಿದ ಅನಿಲ) ಇಳಿಸಿಕೊಳ್ಳುವ ಒಂದು ಟರ್ಮಿನಲ್ ಕೂಡ ಇರಲಿಲ್ಲ. 2022ರ ಡಿಸೆಂಬರಿನಲ್ಲಿ ವಿಲ್‌ಹೆಲ್ಮ್ಸ್‌ಹಾಫೆನ್‌ನಲ್ಲಿ ಮೊದಲನೆಯದು ಸಿದ್ಧವಾಯಿತು. ಇಂಥ ಕಾಮಗಾರಿಗಳಿಗೆಂದೇ ತಂದ ಕಾಯ್ದೆ ಪರಿಸರ ಪರಿಣಾಮದ ಪರಿಶೀಲನೆಗೆ ವಿನಾಯಿತಿ ಕೊಟ್ಟಿತು, 2043ರ ಕೊನೆಯವರೆಗೆ ಪರವಾನಗಿಗೆ ದಾರಿ ಮಾಡಿತು. ಅದೇ ಜರ್ಮನಿ 2045ಕ್ಕೆ ಹವಾಮಾನ ತಟಸ್ಥವಾಗುವ, ಅಂದರೆ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕಿಳಿಸುವ ಗುರಿ ಹೊತ್ತಿದೆ. ಎರಡನ್ನೂ ತಾಳೆ ಹಾಕುವ ಕೆಲಸ ಮುಂದಿನವರಿಗೆ ಬಿಟ್ಟಿದ್ದು.

ಯುರೋಪಿಗೆ ಅನಿಲ ಹೊತ್ತು ಬಂದ ಹಡಗುಗಳಲ್ಲಿ ಹಲವು ಬೇರೆಡೆಗೆ ಹೋಗಬೇಕಿದ್ದವು, ದಿಕ್ಕು ಬದಲಿಸಿ ಬಂದವು. ಹೆಚ್ಚು ಬೆಲೆ ಕೊಟ್ಟವರ ಕಡೆಗೆ ಸರಕು ಹರಿಯಿತು. ಆ ವರ್ಷ ಅನಿಲ ಕೊಳ್ಳಲು ಪಾಕಿಸ್ತಾನ ಕರೆದ ಟೆಂಡರ್‌ಗೆ ಒಬ್ಬರೂ ಬರಲಿಲ್ಲ. ಬಾಂಗ್ಲಾದೇಶ ದುಬಾರಿಯಾದ ಬಿಡಿ ಖರೀದಿಯನ್ನೇ (ದೀರ್ಘ ಕರಾರಿಲ್ಲದೆ ಅಂದಿನ ಬೆಲೆಗೆ ಕೊಳ್ಳುವುದು) ನಿಲ್ಲಿಸಿ ವಿದ್ಯುತ್ ಕಡಿತಕ್ಕೆ ಇಳಿಯಿತು. ಭದ್ರತೆಯ ಮಾತಾಡುವ ದಾಖಲೆಗಳಲ್ಲಿ ಈ ಕತ್ತಲೆಗೆ ಒಂದು ಪ್ಯಾರಾ ಕೂಡ ಸಿಗುವುದು ಕಷ್ಟ.

ಇನ್ನು ನ್ಯಾಯದ ವಾದ. ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಸುಮಾರು 60 ಕೋಟಿ ಜನರಿಗೆ ವಿದ್ಯುತ್ ಇಲ್ಲ. ಇಡೀ ಖಂಡ ಇತಿಹಾಸದುದ್ದಕ್ಕೂ ಹೊರಸೂಸಿದ ಇಂಗಾಲ ಜಗತ್ತಿನ ಒಟ್ಟು ಮೊತ್ತದ ಶೇ. 3ರ ಆಸುಪಾಸು. 2021ರಲ್ಲಿ ನೈಜೀರಿಯಾದ ಆಗಿನ ಉಪಾಧ್ಯಕ್ಷ ಯೆಮಿ ಒಸಿನ್‌ಬಾಜೊ, ಆಫ್ರಿಕಾದ ಅನಿಲಕ್ಕೆ ಹಣ ನಿಲ್ಲಿಸುವುದು ಅನ್ಯಾಯ ಎಂದು ವಾದಿಸಿದ್ದು ಸುಮ್ಮನಲ್ಲ. ಅದೇ ವರ್ಷ ಗ್ಲಾಸ್ಗೋದಲ್ಲಿ 30ಕ್ಕೂ ಹೆಚ್ಚು ದೇಶಗಳು ಹೊರದೇಶಗಳ ಪಳೆಯುಳಿಕೆ ಇಂಧನ ಯೋಜನೆಗಳಿಗೆ ಸರ್ಕಾರಿ ಹಣ ಕೊಡುವುದನ್ನು ನಿಲ್ಲಿಸುತ್ತೇವೆ ಎಂದವು. ಅವುಗಳಲ್ಲಿ ಕೆಲವು ಮರುವರ್ಷವೇ ತಮ್ಮ ಮನೆಯಂಗಳದಲ್ಲಿ ಟರ್ಮಿನಲ್ ಕಟ್ಟಲು ಓಡಿದವು. ಈ ಇಬ್ಬಗೆಯನ್ನು ನಾನು ಸಮರ್ಥಿಸಲಾರೆ.

ಹಾಗೆಂದು ಕರಾರು ನೋಡುವುದನ್ನು ಬಿಡಲಾದೀತೇ? ಮೊಜಾಂಬಿಕ್‌ನ ಕಡಲಿನಲ್ಲಿ ತೇಲುತ್ತಾ ಅನಿಲವನ್ನು ದ್ರವವಾಗಿಸುವ ಕೋರಲ್ ಸುಲ್ ಘಟಕ 2022ರ ನವೆಂಬರಿನಲ್ಲಿ ರಫ್ತು ಆರಂಭಿಸಿತು. ಆಗ ಆ ದೇಶದ ಅರ್ಧಕ್ಕಿಂತ ಹೆಚ್ಚು ಜನರ ಮನೆಯಲ್ಲಿ ವಿದ್ಯುತ್ ಇರಲಿಲ್ಲ. ಆ ಘಟಕದ ದ್ರವೀಕೃತ ಅನಿಲವನ್ನೆಲ್ಲ 20 ವರ್ಷಗಳಿಗೆ ಕೊಂಡುಕೊಂಡದ್ದು ಬ್ರಿಟನ್ನಿನ ಬಿಪಿ ಕಂಪನಿ. ಅಲ್ಲೇ ಹತ್ತಿರದ ಅಫುಂಗಿ ಪರ್ಯಾಯ ದ್ವೀಪದಲ್ಲಿ ಇನ್ನೊಂದು ಬೃಹತ್ ಯೋಜನೆಗಾಗಿ ಮೀನುಗಾರ ಕುಟುಂಬಗಳನ್ನು ಕಡಲಿನಿಂದ ದೂರದ ಕಿಟುಂಡಕ್ಕೆ ಸಾಗಿಸಲಾಯಿತು. ಹೊಸ ಮನೆ ಸಿಕ್ಕಿತು, ಬಲೆ ಬೀಸುವ ನೀರು ದೂರವಾಯಿತು. ಖಜಾನೆಗೆ ತೆರಿಗೆ, ರಾಜಧನ ಬರುತ್ತದೆ ಎಂಬುದು ಸರ್ಕಾರದ ಉತ್ತರ. ಬರಬಹುದು. ಆದರೆ ಅದು ವಿದೇಶಿ ವಿನಿಮಯದ ವಾದ. ದೀಪವಿಲ್ಲದ ಮನೆಗಳನ್ನು ಮುಂದಿಟ್ಟು ಅದನ್ನು ಮಂಡಿಸಬಾರದು.

ಶ್ರೀಮಂತ ದೇಶವಾದರೆ ಜನರ ಮಾತು ಕೇಳುತ್ತಾರೆ ಎಂದೂ ಅಲ್ಲ. ನೆದರ್ಲೆಂಡ್ಸ್‌ನ ಗ್ರೋನಿಂಗನ್ ಅನಿಲ ಕ್ಷೇತ್ರದಿಂದ ಅಲ್ಲಿನ ಸರ್ಕಾರ ದಶಕಗಳಲ್ಲಿ ಗಳಿಸಿದ್ದು 36,000 ಕೋಟಿ ಯೂರೊಗೂ ಹೆಚ್ಚು. ಅನಿಲ ತೆಗೆದಂತೆಲ್ಲ ನೆಲ ಕುಸಿದು ಭೂಮಿ ನಡುಗತೊಡಗಿತು. 2012ರಲ್ಲಿ ಹುಯಿಝಿಂಗ ಎಂಬ ಹಳ್ಳಿಯಲ್ಲಿ 3.6 ತೀವ್ರತೆಯ ಕಂಪನವಾಯಿತು. ಸಾವಿರಾರು ಮನೆಗಳ ಗೋಡೆ ಬಿರುಕು ಬಿಟ್ಟವು, ಪರಿಹಾರದ ಅರ್ಜಿಗಳು ವರ್ಷಗಟ್ಟಲೆ ಅಲೆದವು. ವಿಚಿತ್ರವೆಂದರೆ, ಕಂಪನದ ಮರುವರ್ಷ ಅಲ್ಲಿ ಅನಿಲ ತೆಗೆಯುವುದು ಕಡಿಮೆಯಾಗಲಿಲ್ಲ, ಹೆಚ್ಚಾಯಿತು! ಗ್ರೋನಿಂಗನ್ ಜನರ ಹಿತವನ್ನು ಕಡೆಗಣಿಸಲಾಯಿತು ಎಂದು ಸಂಸದೀಯ ತನಿಖಾ ಸಮಿತಿ ಬರೆದದ್ದು 2023ರಲ್ಲಿ. ಕ್ಷೇತ್ರವನ್ನು ಶಾಶ್ವತವಾಗಿ ಮುಚ್ಚುವ ಕಾನೂನು ಬಂದದ್ದು 2024ರಲ್ಲಿ.

ಇಷ್ಟು ಕೇಳಿದವರು "ಹಾಗಾದರೆ ಬಡ ದೇಶಗಳಿಗೆ ಅನಿಲ ಬೇಡವೇ?" ಎನ್ನುತ್ತಾರೆ. ತನ್ನ ನೆಲದ ಅನಿಲವನ್ನು ತನ್ನದೇ ಊರುಗಳ ವಿದ್ಯುತ್ತಿಗೆ, ಗೊಬ್ಬರಕ್ಕೆ, ಒಲೆಗೆ ಬಳಸುವ ದೇಶಕ್ಕೆ ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ. ನನ್ನ ತಕರಾರು, ತೆಗೆದುಕೊಂಡರೂ ಬಿಟ್ಟರೂ ಹಣ ಕೊಡಲೇಬೇಕೆಂಬ ದೀರ್ಘಾವಧಿಯ ಆಮದು ಕರಾರುಗಳ ಬಗ್ಗೆ. 2022ರಲ್ಲಿ ಅನಿಲ ಸಿಗದೆ ಒದ್ದಾಡಿದ ಪಾಕಿಸ್ತಾನವನ್ನೇ ನೋಡಿ. ದುಬಾರಿ ವಿದ್ಯುತ್ತಿಗೆ ಬೇಸತ್ತ ಜನ ತಾವಾಗಿಯೇ ಚಾವಣಿಗಳ ಮೇಲೆ ಸೌರ ಫಲಕ ಹಾಕಿಕೊಂಡರು. ಬೇಡಿಕೆ ಕುಸಿದು, 2025ಕ್ಕೆ ಬರಬೇಕಿದ್ದ ಕತಾರ್‌ನ ಕೆಲವು ಹಡಗುಗಳನ್ನು ಸರ್ಕಾರ ಮರುವರ್ಷಕ್ಕೆ ಮುಂದೂಡಬೇಕಾಯಿತು. ವಿದ್ಯುತ್ ಸ್ಥಾವರಗಳು ಓಡಲಿ ಬಿಡಲಿ ತೆರಲೇಬೇಕಾದ ಸ್ಥಿರ ವೆಚ್ಚವೇನೋ ಕರಗಲಿಲ್ಲ. ಫಲಕ ಹಾಕಿಸಲು ಹಣವಾಗಲಿ ಸ್ವಂತ ಚಾವಣಿಯಾಗಲಿ ಇಲ್ಲದವರ ಬಿಲ್ಲಿಗೆ ಅದು ಹಂಚಿಕೆಯಾಗುತ್ತಿದೆ.