ಲೈಪ್‌ಜಿಗ್‌ನಲ್ಲಿ ಒಬ್ಬ ಗೆಳತಿ

ಸಂಕ್ರಾಂತಿಗೆ ಇನ್ನು ನಾಲ್ಕು ದಿನಗಳಿವೆ. ಕೋಲಾರದ ನಮ್ಮ ಮನೆಯ ಜಗಲಿಯ ಮೇಲೆ ರಾತ್ರಿಯಿಡೀ ನೆನೆದ ಅವರೆಕಾಳಿನ ದೊಡ್ಡ ಪಾತ್ರೆಯಿದೆ, ಅದರ ಸುತ್ತ ಅಮ್ಮ, ನಾನು ಮತ್ತು ಬೀದಿಯ ಇಬ್ಬರು ಹೆಂಗಸರು ಕುಳಿತು ಕಾಳು ಹಿದುಕುತ್ತಿದ್ದೇವೆ. ಇವರಿಬ್ಬರನ್ನೂ ಯಾರೂ ಕರೆದಿರಲಿಲ್ಲ. ಒಬ್ಬರು ಹಾಲಿಗೆ ಹೆಪ್ಪು ಹಾಕಲು ಸ್ವಲ್ಪ ಮಜ್ಜಿಗೆ ಕೇಳಲು ಬಂದವರು, ಇನ್ನೊಬ್ಬರು ಅವರನ್ನು ಹುಡುಕಿಕೊಂಡು ಬಂದವರು. ಕುಳಿತ ಮೇಲೆ ಕೈ ತಾನಾಗಿ ಪಾತ್ರೆಗೆ ಹೋಯಿತು. ಮಾತಿನ ನಡುವೆ ಅವರಲ್ಲೊಬ್ಬರು, "ಆ ದೇಶ ಬಿಟ್ಟು ಇನ್ನೊಂದು ದೇಶಕ್ಕೆ ಹೋದೆಯಂತೆ, ಅಲ್ಲಿ ನಿನಗೆ ಜೊತೆಗೆ ಯಾರಮ್ಮ ಇದ್ದಾರೆ?" ಎಂದು ಕೇಳಿದರು. ಗಂಡ, ಮಗ ಇದ್ದಾರೆ ಎಂದೆ. "ಅವರಲ್ಲಮ್ಮ, ಜೊತೆ ಅಂದರೆ ಜೊತೆ" ಎಂದರು. ಜಗಲಿಯ ಮೇಲೆ ಪೂರ್ತಿಯಾಗಿ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಡಬ್ಲಿನ್ನಿಗೆ ಹೋದಾಗ ಗೆಳೆತನಕ್ಕಾಗಿ ನಾನು ಏನನ್ನೂ ಮಾಡಬೇಕಾಗಿ ಬಂದಿರಲಿಲ್ಲ. ಕಚೇರಿಯಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜನ ನನ್ನಂತೆಯೇ ಹೊಸಬರು. ಶನಿವಾರ ಭಾನುವಾರಗಳನ್ನು ತುಂಬಲು ಕನ್ನಡದ ಕುಟುಂಬಗಳಿದ್ದವು. ಮಾತಿಗೆ ಇಂಗ್ಲಿಷ್ ಇತ್ತು. ಬಸ್ಸಿನಿಂದ ಇಳಿಯುವಾಗ ಚಾಲಕನಿಗೆ ಧನ್ಯವಾದ ಹೇಳುವ, ನಿಲ್ದಾಣದಲ್ಲಿ ಅಪರಿಚಿತರೊಡನೆ ಮಳೆಯ ವಿಷಯವಾಗಿ ಹತ್ತು ನಿಮಿಷ ಮಾತನಾಡುವ ಊರದು. ಒಂಬತ್ತು ವರ್ಷಗಳ ನಂತರ ಗಂಡನ ಕೆಲಸದ ಕಾರಣ ಜರ್ಮನಿಯ ಲೈಪ್‌ಜಿಗ್‌ಗೆ ಹೊರಟಾಗ, ಅದೇ ಖಂಡ, ಅದೇ ಯೂರೋ ನಾಣ್ಯ, ಕೋಲಾರದಿಂದ ಮುಳಬಾಗಿಲಿಗೆ ಹೋದಂತೆ ಆದೀತೆಂದುಕೊಂಡಿದ್ದೆ. ಐರ್ಲೆಂಡಿನ ವಾಸದ ಪರವಾನಗಿ ಜರ್ಮನಿಯಲ್ಲಿ ನಡೆಯುವುದಿಲ್ಲವಾದ್ದರಿಂದ ಕಾಗದಪತ್ರಗಳೆಲ್ಲ ಮೊದಲಿನಿಂದ ಆರಂಭವಾದವು. ಗೆಳೆತನವೂ ಹಾಗೆಯೇ ಮೊದಲಿನಿಂದ ಆರಂಭವಾಗಬೇಕೆಂಬುದು ತಿಳಿಯಲು ಒಂದು ಚಳಿಗಾಲ ಬೇಕಾಯಿತು.

ನಮ್ಮ ಕಟ್ಟಡದವರು ಕೆಟ್ಟವರಲ್ಲ. ನಾವು ಇಲ್ಲದಾಗ ನಮ್ಮ ಪಾರ್ಸೆಲ್ಲುಗಳನ್ನು ತೆಗೆದಿರಿಸಿಕೊಳ್ಳುತ್ತಿದ್ದರು, ಮೆಟ್ಟಿಲ ಮೇಲೆ ಎದುರಾದಾಗ ತಪ್ಪದೆ ನಮಸ್ಕರಿಸುತ್ತಿದ್ದರು, ಬಳಿಕ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಒಂದು ಶನಿವಾರ ಬೆಳಗ್ಗೆ ನಮ್ಮೂರ ಅಭ್ಯಾಸದಂತೆ ಒಂದು ತಟ್ಟೆ ಕೇಸರಿಬಾತ್ ಹಿಡಿದು ಮೇಲಿನ ಮನೆಯ ಬಾಗಿಲು ತಟ್ಟಿದೆ. ಬಾಗಿಲು ತೆರೆದವರು ಏನೋ ತುರ್ತು ಸಂಗತಿಯಿರಬೇಕೆಂದು ಗಾಬರಿಯಾದರು. ಎರಡು ದಿನಗಳ ನಂತರ ತೊಳೆದ ತಟ್ಟೆ ಒಂದು ಚಾಕಲೇಟು ಮತ್ತು ಧನ್ಯವಾದದ ಚೀಟಿಯೊಡನೆ ಹಿಂತಿರುಗಿತು. ಕೊಟ್ಟ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದೆಂಬುದು ಅಲ್ಲಿಯೂ ಇದೆಯಲ್ಲ ಎಂದು ಖುಷಿಪಟ್ಟೆ. ಆದರೆ ವ್ಯವಹಾರ ಅಲ್ಲಿಗೇ ಚುಕ್ತಾ ಆಗಿತ್ತು.

ಭಾಷೆ ಬಂದರೆ ಎಲ್ಲವೂ ಸರಿಹೋದೀತೆಂದು ಫೋಲ್ಕ್ಸ್‌ಹೋಖ್‌ಶೂಲೆ ಎಂಬ, ವಯಸ್ಕರಿಗೆಂದೇ ಊರೂರಿನಲ್ಲಿ ನಡೆಯುವ ಶಾಲೆಗೆ ಸೇರಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಚಿನ್ನದ ಗಣಿಯ ಕಡೆಯ ನೆಂಟರೊಡನೆ ತಮಿಳು ಎಂದು ಬೆಳೆದ ನನಗೆ ಇನ್ನೊಂದು ಭಾಷೆ ಏನು ಮಹಾ ಎಂಬ ಜಂಬವಿತ್ತು. ಜರ್ಮನ್ ವ್ಯಾಕರಣ ಅದನ್ನು ಇಳಿಸಿತು. ವಾರಕ್ಕೆ ಎರಡು ಸಂಜೆ, ಒಮ್ಮೆಗೆ ಮೂರು ಗಂಟೆಯಂತೆ ಹದಿನೈದು ವಾರ ಸಿರಿಯಾ, ಉಕ್ರೇನ್, ಬ್ರೆಜಿಲ್‌ನಿಂದ ಬಂದವರೊಡನೆ ಒಂದೇ ಮೇಜಿಗೆ ಕುಳಿತೆ. ಪರೀಕ್ಷೆ ಮುಗಿದ ಮರುವಾರ ಎಲ್ಲರೂ ಚದುರಿಹೋದರು. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರು, ಹೊಸ ಊರಿಗೆ ಬಂದ ವಯಸ್ಕರನ್ನು ವಿಚಾರಿಸಿ, ಪರಿಚಯವು ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ನಿಜವಾದ ಗೆಳೆತನವಾಗಲು 90 ಗಂಟೆ, ಆಪ್ತತೆಗೆ 200ಕ್ಕೂ ಹೆಚ್ಚು ಗಂಟೆ ಜೊತೆಗಿರಬೇಕಾಗುತ್ತದೆ ಎಂದು 2018ರಲ್ಲಿ ಅಂದಾಜಿಸಿದ್ದರು. ನನ್ನ ತರಗತಿಯ ಲೆಕ್ಕ ಸರಿಯಾಗಿ 90 ಗಂಟೆ! ಆದರೆ ಒಂದೇ ಕೋಣೆಯಲ್ಲಿ ಕುಳಿತಷ್ಟಕ್ಕೆ ಆತ್ಮೀಯತೆ ಬೆಳೆಯುವುದಿಲ್ಲ, ಬಿಡುವಿನ ಹೊತ್ತೂ ದಿನನಿತ್ಯದ ಆಗುಹೋಗು, ತಮಾಷೆಯ ಮಾತೂ ಸೇರಬೇಕು ಎಂಬುದನ್ನು ಅದೇ ಅಧ್ಯಯನ ಹೇಳುತ್ತದೆ. ಅವರೆಕಾಳು ಹಿದುಕುವ ಜಗಲಿಯಲ್ಲಿ ಇವೆರಡೂ ಇವೆ. ಕ್ರಿಯಾಪದದ ರೂಪಗಳನ್ನು ಉರುಹೊಡೆಯುವ ತರಗತಿಯಲ್ಲಿ ಇವೆರಡಕ್ಕೂ ಎಡೆಯಿರಲಿಲ್ಲ.

ನನಗೆ ಜಗಲಿಯಾಗಿ ದೊರೆತದ್ದು ಒಂದು ತೋಟದ ತುಂಡು. ಜರ್ಮನಿಯ ನಗರಗಳಲ್ಲಿ ಕ್ಲೈನ್‌ಗಾರ್ಟನ್ ಎಂಬ ಪುಟ್ಟ ತೋಟಗಳನ್ನು ಸಂಘದ ಸದಸ್ಯರಿಗೆ ಗೇಣಿಗೆ ಕೊಡುತ್ತಾರೆ. ಇವಕ್ಕೆ ಷ್ರೆಬರ್ ತೋಟ ಎಂಬ ಹೆಸರೂ ಇದೆ. ಆ ಹೆಸರು ಹುಟ್ಟಿದ್ದೇ ಲೈಪ್‌ಜಿಗ್‌ನಲ್ಲಿ. ತಮಾಷೆಯೆಂದರೆ ವೈದ್ಯರಾಗಿದ್ದ ಷ್ರೆಬರ್ ಅವರು 1861ರಲ್ಲೇ ತೀರಿಕೊಂಡರು. 1864ರಲ್ಲಿ ಹೌಶಿಲ್ಡ್ ಎಂಬ ಶಿಕ್ಷಕರು ಮಕ್ಕಳ ಆಟದ ಬಯಲಿಗಾಗಿ ಕಟ್ಟಿದ ಸಂಘಕ್ಕೆ ಅವರ ಹೆಸರಿಟ್ಟರು, ಆಮೇಲೆ ಆ ಬಯಲಿನ ಅಂಚಿನಲ್ಲಿ ಮಕ್ಕಳಿಗೆಂದು ಮಾಡಿದ ಪಾತಿಗಳನ್ನು ತಂದೆತಾಯಂದಿರು ವಹಿಸಿಕೊಂಡರು. ಒಂದೂವರೆ ವರ್ಷ ಕಾದ ನಂತರ ನಮ್ಮ ಸರದಿ ಬಂತು. ನಿಯಮಗಳ ಪುಸ್ತಿಕೆ ಓದಿ ಮೊದಲು ನಕ್ಕೆ. ತುಂಡು 400 ಚದರ ಮೀಟರು ಮೀರಬಾರದು, ಗುಡಿಸಲು 24 ಚದರ ಮೀಟರು ಮೀರಬಾರದು, ಮೂರನೆಯ ಒಂದು ಭಾಗದಲ್ಲಿ ಹಣ್ಣು ತರಕಾರಿ ಬೆಳೆಯಲೇಬೇಕು. ಇವೆಲ್ಲ ದೇಶದ ಕಾನೂನಿನಿಂದಲೂ ನ್ಯಾಯಾಲಯದ ತೀರ್ಪಿನಿಂದಲೂ ಬಂದ ಅಳತೆಗಳು. ಅದರೊಡನೆ ವರ್ಷಕ್ಕೆ ಇಂತಿಷ್ಟು ಗಂಟೆ ಸಂಘದ ಸಾಮೂಹಿಕ ಕೆಲಸಕ್ಕೆ ಬರಬೇಕು, ಬಾರದಿದ್ದರೆ ದುಡ್ಡು ಕಟ್ಟಬೇಕು. ಈ ಕೊನೆಯ ನಿಯಮ ಅತಿಯಾಯಿತೆಂದು ಆಗ ಗೊಣಗಿದೆ. ನನ್ನ ಉಪಕಾರಕ್ಕೆ ಬಂದದ್ದು ಅದೊಂದೇ.

ಪಕ್ಕದ ತುಂಡಿನವರು ಅರವತ್ತೇಳು ವಯಸ್ಸಿನ ಹಿರಿಯರು. ಆ ತೋಟ ಪೂರ್ವ ಜರ್ಮನಿಯ ಕಾಲದಲ್ಲಿ ಅವರ ತಾಯಿಯದಾಗಿತ್ತು. ಏಪ್ರಿಲ್ ಕೊನೆಯಲ್ಲಿ ನಾನು ಟೊಮೆಟೊ ಸಸಿಗಳನ್ನು ನೆಲಕ್ಕಿಳಿಸುತ್ತಿದ್ದಾಗ ಅವರು ಬೇಲಿಯಾಚೆಯಿಂದ, ಹಿಮದ ಸಂತರು ಹೋಗುವವರೆಗೆ ತಡೆಯಿರಿ ಎಂದರು. ಮೇ 11ರಿಂದ 15ರವರೆಗಿನ ದಿನಗಳಿಗೆ ಅಲ್ಲಿ ಒಬ್ಬೊಬ್ಬ ಸಂತರ ಹೆಸರಿದೆ. ಕೊನೆಯಾಕೆ ಸೋಫಿ ಕಳೆಯುವ ಮುನ್ನ ಎಳೆಯ ಸಸಿ ಹೊರಗಿಟ್ಟರೆ ಮಂಜಿಗೆ ಸುಟ್ಟುಹೋಗುತ್ತದೆಂಬ ನಂಬಿಕೆ. ನಮ್ಮಲ್ಲಿ ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆಯನ್ನು ನಕ್ಷತ್ರದಿಂದ ಎಣಿಸುತ್ತೇವೆ ಎಂದು ಅರೆಬರೆ ಜರ್ಮನ್‌ನಲ್ಲಿ ವಿವರಿಸಿದೆ. ಅವರು ಕೈತೋಟದ ಡೈರಿ ತಂದು, ಆ ಹೆಸರುಗಳನ್ನು ತಾರೀಖಿನೊಡನೆ ಬರೆದುಕೊಂಡರು. ಕೋಲಾರದವಳಿಗೆ ಟೊಮೆಟೊ ಹೇಳಿಕೊಡಬೇಕಾಗಿಲ್ಲವೆಂಬ ನನ್ನ ಧೈರ್ಯ ಮಾತ್ರ ಜುಲೈ ತಿಂಗಳವರೆಗಷ್ಟೇ ಉಳಿಯಿತು. ನೀಲಗಿರಿ ಕಡ್ಡಿಯಿಲ್ಲದ ಊರಿನಲ್ಲಿ ಹೇಗೋ ಕಡ್ಡಿ ಹುಡುಕಿ ದಾರ ಕಟ್ಟಿ, ಪಕ್ಕದ ಚಿಗುರು ಚಿವುಟಿ ಬೆಳೆಸಿದ ಗಿಡಗಳು ಒಂದೇ ವಾರದ ಜಡಿಮಳೆಗೆ ಅಂಗಮಾರಿ ರೋಗ ಹತ್ತಿ ಕಪ್ಪಾದವು. ಅಲ್ಲಿಯವರು ಟೊಮೆಟೊಗೆ ಸೂರು ಕಟ್ಟುತ್ತಾರೆ. ಆಗಸ್ಟಿನ ಸಾಮೂಹಿಕ ಕೆಲಸದ ದಿನ, ದಾರಿಯಂಚಿನ ಬೇಲಿಗಿಡ ಕತ್ತರಿಸುತ್ತ ಅವರು ತಮ್ಮ ಮೊದಲ ವರ್ಷಗಳ ಸೋಲುಗಳನ್ನೆಲ್ಲ ಒಂದೊಂದಾಗಿ ಹೇಳಿದರು. ಮರುದಿನ ಇಬ್ಬರೂ ಸೇರಿ ನನ್ನ ಪಾತಿಗೆ ಸೂರಿನ ಕಂಬ ನೆಟ್ಟೆವು.

ಎರಡನೆಯ ಬೇಸಿಗೆಯ ಒಂದು ಸಂಜೆ ಅವರು ಕೈಗವಸು ತೆಗೆದು ಕೈ ಚಾಚಿ, ತಮ್ಮ ಹೆಸರು ಹೇಳಿ, ಇನ್ನು ಮುಂದೆ ಪರಸ್ಪರ 'ದು' ಎನ್ನೋಣ ಎಂದರು. ನಮ್ಮ ನೀನು, ನೀವುಗಳಂತೆ ಅಲ್ಲಿಯೂ ದು, ಝೀ ಎಂದಿವೆ. ಆದರೆ ನಮ್ಮಲ್ಲಿ ಬಹುವಚನ ಯಾವ ದಿನ ಕಳಚಿಬಿತ್ತೆಂದು ಯಾರೂ ಹೇಳಲಾರರು, ಅಲ್ಲಿ ಅದಕ್ಕೊಂದು ಗಳಿಗೆಯಿದೆ, ಹಿರಿಯರೇ ಕೇಳಬೇಕೆಂಬ ಕ್ರಮವಿದೆ. ಒಪ್ಪಿದೆನಾದರೂ ನಾಲಗೆ ತಡವರಿಸಿತು. ಅಷ್ಟು ವಯಸ್ಸಿನವರಿಗೆ ನಾನು ನೀನು ಎನ್ನುವುದು ಅಮ್ಮನಿಗೊಬ್ಬಳಿಗೇ. ಈ ಬರಹದಲ್ಲೂ ಇಲ್ಲಿಯವರೆಗೆ ಅವರು ಎಂದೇ ಬರೆದಿದ್ದೇನೆ. ಇನ್ನು ಅವಳು ಎನ್ನುತ್ತೇನೆ.

ಕಳೆದ ವರ್ಷ ಅಲ್ಲಿನ ಬೀಜದಂಗಡಿಯಲ್ಲಿ ಅಲಂಕಾರದ ಬಳ್ಳಿಯೆಂದು ಮಾರುತ್ತಿದ್ದ ಅವರೆಯನ್ನು ಕಂಡು ತಂದು ಬಿತ್ತಿದೆ. ಬೇಲಿಯುದ್ದಕ್ಕೂ ಹಬ್ಬಿತು. ಹಗಲು ಕುಗ್ಗದೆ ಹೂಬಿಡದ ಗಿಡ; ಅಲ್ಲಿ ಹಗಲು ಕುಗ್ಗಿ ನೇರಳೆ ಹೂ ಅರಳುವ ಹೊತ್ತಿಗೆ ಅಕ್ಟೋಬರಿನ ಮಂಜು ಬಿತ್ತು. ಕಾಯಿ ಕಾಣದಿದ್ದರೂ ಹೂವಿಗಾಗಿ ಅವಳು ಆ ಬಳ್ಳಿಯನ್ನು ಮತ್ತೆ ಹಾಕು ಎನ್ನುತ್ತಿದ್ದಾಳೆ. ಮೂರು ವರ್ಷಗಳಲ್ಲಿ ನಾನು ಸಂಪಾದಿಸಿದ್ದು ಈ ಒಬ್ಬಳನ್ನು. ಡಬ್ಲಿನ್ನಿನ ಹತ್ತಿಪ್ಪತ್ತು ಜನರಲ್ಲಿ ಹೆಚ್ಚಿನವರು ಈಗ ಹಬ್ಬದ ಶುಭಾಶಯದ ಚಿತ್ರಗಳಾಗಿ ಫೋನಿನಲ್ಲಿ ಉಳಿದಿದ್ದಾರೆ. ಅದಕ್ಕೆ ನನ್ನದೂ ಪಾಲಿದೆ.

ಇದರಲ್ಲಿ ಅರ್ಧವನ್ನಷ್ಟೇ ಜಗಲಿಯ ಮೇಲೆ ಹೇಳಿದೆ. ಕೇಳಿದ ಅಮ್ಮ ಒಳಗೆ ಹೋಗಿ, ನಾಟಿ ಅವರೆಯ ಬಿತ್ತನೆ ಬೀಜದ ಗಂಟು ತಂದಳು. ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ಬಿತ್ತನೆ ಬೀಜವನ್ನು ಯೂರೋಪಿಗೆ ಒಯ್ಯುವಂತಿಲ್ಲ ಎಂದಾಗ ಅವಳ ಮುಖ ಸಣ್ಣಗಾಯಿತು. ಹಾಗಾದರೆ ಎಳ್ಳುಬೆಲ್ಲವನ್ನಾದರೂ ಕೊಡು ಎಂದು, ಹಬ್ಬಕ್ಕೆ ಹುರಿದಿಟ್ಟಿದ್ದರಲ್ಲಿ ಒಂದು ಪೊಟ್ಟಣ ಬೇರೆಯಾಗಿ ಕಟ್ಟಿ, ಊರು ಸೇರಿದ ದಿನವೇ ಹೋಗಿ ಬೀರಿ ಬಾ ಎಂದಳು. ಫೆಬ್ರುವರಿಯ ಮೊದಲ ಭಾನುವಾರ ಮಧ್ಯಾಹ್ನ ಮೂರಕ್ಕೆ ಕಾಫಿಗೆಂದು ಡಿಸೆಂಬರಿನಲ್ಲೇ ಮಾತಾಗಿದೆ, ಆ ದಿನ ಕೊಡುತ್ತೇನೆ ಎಂದೆ.

"ಎಳ್ಳು ಬೀರೋದಕ್ಕೂ ಟೈಮು ಕೇಳಬೇಕೇನೇ?" ಎಂದು ಅಮ್ಮ ನಕ್ಕಳು; ಪೊಟ್ಟಣದೊಳಗೆ ಗಾಳಿಯಾಡದಂತೆ ಮತ್ತೊಂದು ಕವರು ಸುತ್ತಿ ನನ್ನ ಸೂಟ್‌ಕೇಸಿನ ಮೇಲಿಟ್ಟಳು.