ಟರ್ಬೊ ಕಾರಿಗೆ ಗೇಜ್ ಕೂರಿಸುವಾಗ: ಹೋಸ್ ಎಲ್ಲಿಂದ, ಅರ್ತ್ ಎಲ್ಲಿಂದ

ಡ್ಯಾಶ್‌ಬೋರ್ಡಿನ ಮೇಲೆ ಡಯಲ್ ಕೂರಿಸಲು ಅರ್ಧ ಗಂಟೆ ಸಾಕು. ಮಿಕ್ಕ ಹೊತ್ತೆಲ್ಲ ಹೋಗುವುದು ಬಾನೆಟ್ ಕೆಳಗೆ. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ), ಆಯಿಲ್ ಪ್ರೆಶರ್, ವೈಡ್‌ಬ್ಯಾಂಡ್ (ಎಕ್ಸಾಸ್ಟಿನಿಂದ ಗಾಳಿ-ಇಂಧನ ಪ್ರಮಾಣ ಅಳೆಯುವುದು) ಎಂದು ಮೂರು ಗೇಜ್ ಹಾಕಿದರೆ ಚೆನ್ನಾಗಿ ಓಡುತ್ತಿರುವ ಇಂಜಿನ್ನನ್ನು ಮೂರು ಕಡೆ ಬಿಚ್ಚಿದಂತೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾವು ಮೊದಲು ಕಲಿಸುವುದು ಎಲ್ಲಿ ಬಿಚ್ಚಬಾರದು ಎಂಬುದನ್ನು.

ಬೂಸ್ಟ್ ಗೇಜಿನ ಹೋಸ್ ಥ್ರಾಟಲ್ ಬಾಡಿಯ ನಂತರ, ಇನ್‌ಟೇಕ್ ಮ್ಯಾನಿಫೋಲ್ಡಿನಿಂದಲೇ ಬರಬೇಕು. ಟರ್ಬೊ ಮತ್ತು ಥ್ರಾಟಲ್ ನಡುವಿನ ಪೈಪಿನಿಂದ ತೆಗೆದರೆ ವ್ಯಾಕ್ಯೂಮ್ (ಹೊರಗಿನ ಗಾಳಿಗಿಂತ ಕಡಿಮೆ ಒತ್ತಡ) ಕಾಣುವುದೇ ಇಲ್ಲ, ಬೂಸ್ಟೂ ಹೆಚ್ಚಾಗಿ ತೋರುತ್ತದೆ. ಕೈಗೆ ಸುಲಭವಾಗಿ ಸಿಗುತ್ತದೆಂದು ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದಂತೆ ಎಕ್ಸಾಸ್ಟನ್ನು ಟರ್ಬೊದಿಂದ ಬದಿಗೆ ಬಿಡುವ ಬಾಗಿಲು) ಹೋಸಿಗೆ ಟೀ (ಮೂರು ಬಾಯಿಯ ಕವಲು) ಹಾಕುವವರಿದ್ದಾರೆ. ಆ ಟೀ ಸ್ವಲ್ಪ ಲೀಕ್ ಆದರೂ ಆ ಬಾಗಿಲು ತೆರೆಯುವ ಆಕ್ಚುಯೇಟರಿಗೆ ಸಿಗುವ ಒತ್ತಡ ಕಡಿಮೆಯಾಗಿ ವೇಸ್ಟ್‌ಗೇಟ್ ಮುಚ್ಚಿಕೊಂಡೇ ಇರುತ್ತದೆ, ಬೂಸ್ಟ್ ಮಿತಿಮೀರಿ ಏರುತ್ತದೆ. ಹಳೆಯ ಪೆಟ್ರೋಲ್ ಇಂಜಿನ್‌ಗಳ ಫ್ಯುಯಲ್ ಪ್ರೆಶರ್ ರೆಗ್ಯುಲೇಟರ್ ಹೋಸೂ ಹಾಗೆಯೇ: ಅಲ್ಲಿ ಲೀಕ್ ಆದರೆ ಬೂಸ್ಟ್ ಬರುವ ಹೊತ್ತಿಗೇ ಪೆಟ್ರೋಲ್ ಕಡಿಮೆ ಬೀಳುತ್ತದೆ. ಬ್ರೇಕ್ ಬೂಸ್ಟರಿನ ಹೋಸನ್ನಂತೂ ಮುಟ್ಟಲೇಬೇಡಿ. ಈಗಿನ ಕಾರುಗಳಲ್ಲಿ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡಿನ ಒತ್ತಡ ಅಳೆಯುವುದು) ಮ್ಯಾನಿಫೋಲ್ಡಿಗೇ ನೇರವಾಗಿ ಕೂತಿರುವುದರಿಂದ ಟೀ ಹಾಕಲು ಹೋಸೇ ಇರುವುದಿಲ್ಲ. ಅಂಥ ಕಡೆ ಸೆನ್ಸರ್ ಕೆಳಗೆ ಕೂರುವ ಅಡಾಪ್ಟರ್ ಪ್ಲೇಟ್ ತರಿಸಿ, ಓ-ರಿಂಗಿಗೆ ಒಂದು ಹನಿ ಇಂಜಿನ್ ಆಯಿಲ್ ಸವರಿ ಕೂರಿಸಿ. ಒಣಗಿದ ಓ-ರಿಂಗ್ ಮಡಚಿಕೊಂಡರೆ ಐಡಲಿಂಗ್ ಏರಿಳಿಯಲು ಶುರುವಾಗುತ್ತದೆ.

ಗ್ರಾಹಕರು ಹೆಚ್ಚು ಗಾಬರಿಯಾಗುವ ವಿಷಯ ಬೇರೆಯೇ ಇದೆ. ಸಮುದ್ರ ಮಟ್ಟದಲ್ಲಿ ಆರೋಗ್ಯವಾಗಿರುವ ಪೆಟ್ರೋಲ್ ಇಂಜಿನ್ ಐಡಲಿಂಗ್‌ನಲ್ಲಿ ಸುಮಾರು 18ರಿಂದ 22 ಇಂಚು (ಪಾದರಸದ ಅಳತೆ) ವ್ಯಾಕ್ಯೂಮ್ ತೋರಿಸುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ; ಇಲ್ಲಿ ಅದೇ ಇಂಜಿನ್ 3 ಇಂಚು ಕಡಿಮೆ ತೋರಿಸುತ್ತದೆ. ಇಂಜಿನ್ ಸೋತಿದೆ ಎಂದು ಪಿಸ್ಟನ್ ರಿಂಗ್ ಬದಲಿಸಲು ಹೊರಡಬೇಡಿ. ಅಬ್ಸೊಲ್ಯೂಟ್ ಸೆನ್ಸರ್ (ಪೂರ್ಣ ನಿರ್ವಾತದಿಂದ ಒತ್ತಡ ಅಳೆಯುವುದು) ಇರುವ ಎಲೆಕ್ಟ್ರಾನಿಕ್ ಗೇಜ್ ಸಮುದ್ರ ಮಟ್ಟವನ್ನೇ ಸೊನ್ನೆ ಎಂದು ಹಿಡಿದುಕೊಂಡಿದ್ದರೆ, ಬೆಂಗಳೂರಿನಲ್ಲಿ ಕೀ ಆನ್ ಮಾಡಿದ ಕೂಡಲೇ, ಇಂಜಿನ್ ಸ್ಟಾರ್ಟ್ ಆಗುವ ಮೊದಲೇ, ಮೈನಸ್ 0.1 ಬಾರ್ ತೋರಿಸುತ್ತದೆ. ಅದೇ ಕಾರು ಘಾಟಿ ಇಳಿದು ಮಂಗಳೂರು ತಲುಪಿದರೆ ಮುಳ್ಳು ಸೊನ್ನೆಗೆ ಬರುತ್ತದೆ. ಇನ್ನು ಡೀಸೆಲ್ ಇಂಜಿನ್‌ಗಳಲ್ಲಿ ವ್ಯಾಕ್ಯೂಮ್ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಅದು ದೋಷವಲ್ಲ.

ಆಯಿಲ್ ಪ್ರೆಶರ್ ಕೆಲಸದಲ್ಲಿ ಆತುರ ಸಲ್ಲದು. 1/8 ಎನ್‌ಪಿಟಿ ಥ್ರೆಡ್‌ಗೆ (ಅಮೆರಿಕದ ಪೈಪ್ ಥ್ರೆಡ್) ಇಂಚಿಗೆ 27 ಸುತ್ತು, 1/8 ಬಿಎಸ್‌ಪಿಟಿಗೆ (ಬ್ರಿಟಿಷ್ ಪೈಪ್ ಥ್ರೆಡ್) 28. ಕಣ್ಣಿಗೆ ಎರಡೂ ಒಂದೇ. ತಪ್ಪು ಥ್ರೆಡ್ಡಿನ ಸೆಂಡರ್ (ಒತ್ತಡ ಅಳೆದು ಗೇಜಿಗೆ ತಿಳಿಸುವ ಭಾಗ) ಮೊದಲ ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ಸ್ಪ್ಯಾನರ್‌ನಿಂದ ಇನ್ನೂ ತಿರುಗಿಸಿದರೆ ಅಲ್ಯೂಮಿನಿಯಂ ಹೌಸಿಂಗ್ ಬಿರುಕು ಬಿಡುತ್ತದೆ. ಜಪಾನ್ ಮೂಲದ ಇಂಜಿನ್‌ಗಳಲ್ಲಿ ಹೆಚ್ಚಾಗಿ ಬಿಎಸ್‌ಪಿಟಿ, ಜರ್ಮನ್ ಇಂಜಿನ್‌ಗಳಲ್ಲಿ ಎಂ10×1 ಸಿಗುತ್ತದೆ. ಆದರೂ ಥ್ರೆಡ್ ಗೇಜ್ ಇಟ್ಟು ನೋಡದೆ ಮುಂದುವರಿಯಬೇಡಿ. ಕಂಪನಿಯ ಆಯಿಲ್ ಸ್ವಿಚ್ (ವಾರ್ನಿಂಗ್ ಲೈಟಿನದು) ತೆಗೆದು ಅದರ ಜಾಗಕ್ಕೆ ಸೆಂಡರ್ ಹಾಕುವುದೂ ಬೇಡ, ಎರಡೂ ಇರಬೇಕು. ಹಾಗೆಂದು ಹಿತ್ತಾಳೆ ಟೀಗೆ ಭಾರದ ಸೆಂಡರನ್ನು ನೇರವಾಗಿ ನೇತುಹಾಕಿದರೆ ಇಂಜಿನ್ನಿನ ನಡುಕಕ್ಕೆ ಆ ಟೀ ಕತ್ತಿನಲ್ಲೇ ಮುರಿಯುತ್ತದೆ. ಮುರಿದ ಮೇಲೆ ಸಂಪಿನ ಆಯಿಲೆಲ್ಲ ರಸ್ತೆಗೆ ಹೋಗಲು ಹೆಚ್ಚು ಹೊತ್ತು ಬೇಕಿಲ್ಲ. 30–45 ಸೆಂ.ಮೀ. ಉದ್ದದ ಸ್ಟೀಲ್ ಹೆಣಿಗೆಯ ಹೋಸ್ ಹಾಕಿ, ಸೆಂಡರನ್ನು ಬಾಡಿಗೆ ಬ್ರಾಕೆಟ್ ಮೂಲಕ ಬಿಗಿಯಿರಿ.

ಟೆಫ್ಲಾನ್ ಟೇಪ್ ಸುತ್ತಬೇಡಿ. ಒಂದೇ ವೈರಿನ ಸೆಂಡರಿಗೆ ಥ್ರೆಡ್ಡೇ ಅರ್ತ್. ಟೇಪ್ ಅದನ್ನು ಕತ್ತರಿಸುತ್ತದೆ, ಮುಳ್ಳು ಹುಚ್ಚುಹುಚ್ಚಾಗಿ ಆಡುತ್ತದೆ. ಹರಿದ ಚೂರುಗಳು ಆಯಿಲ್ ದಾರಿಗೂ ಸೇರಬಹುದು. ಲಿಕ್ವಿಡ್ ಥ್ರೆಡ್ ಸೀಲಂಟನ್ನು ಮೊದಲ ಎರಡು ಸುತ್ತು ಬಿಟ್ಟು ಹಚ್ಚಿ. ಬಿಸಿ ಆಯಿಲ್ ತುಂಬಿದ ಪೈಪನ್ನೇ ಕ್ಯಾಬಿನ್ನಿಗೆ ತರುವ ಮೆಕ್ಯಾನಿಕಲ್ ಆಯಿಲ್ ಗೇಜನ್ನು ಯಾರ ಕಾರಿಗೂ ಹಾಕಬಾರದು, ಎಷ್ಟೇ ಅಗ್ಗವಾಗಿ ಸಿಗಲಿ.

ವೈಡ್‌ಬ್ಯಾಂಡ್‌ಗೆ, ಅಂದರೆ ಬಾಷ್ ಎಲ್‌ಎಸ್‌ಯು 4.9 ಸೆನ್ಸರಿಗೆ, ಎಕ್ಸಾಸ್ಟ್ ಪೈಪಿಗೆ ಎಂ18×1.5 ಬಂಗ್ (ಸೆನ್ಸರ್ ಕೂರುವ ಥ್ರೆಡ್ ಬಳೆ) ವೆಲ್ಡ್ ಮಾಡಬೇಕು. ಜಾಗ ಟರ್ಬೊದಿಂದ 60–90 ಸೆಂ.ಮೀ. ಆಚೆ, ಸಾಧ್ಯವಾದರೆ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮೊದಲು. ಪೈಪನ್ನು ಬಿಚ್ಚಿ ಕಾರಿನ ಹೊರಗೆ ವೆಲ್ಡ್ ಮಾಡಿ. ಸೆನ್ಸರ್ ಅಡ್ಡಗೆರೆಗಿಂತ ಕನಿಷ್ಠ 10 ಡಿಗ್ರಿ ಮೇಲಿರಲಿ; ಕೆಳಗೆ ಬಾಗಿದ್ದರೆ ಬೆಳಗಿನ ಸ್ಟಾರ್ಟಿನಲ್ಲಿ ಪೈಪಿನೊಳಗಿನ ನೀರು ಕಾದ ಸೆರಾಮಿಕ್ ಮೇಲೆ ಬಿದ್ದು ಅದು ಸೀಳುತ್ತದೆ. ಕರೆಂಟ್ ಕೊಡದೆ ಸೆನ್ಸರನ್ನು ಪೈಪಿನಲ್ಲಿ ಬಿಟ್ಟು ಇಂಜಿನ್ ಓಡಿಸಿದರೆ ಮಸಿ ಹಿಡಿದು ಹಾಳಾಗುತ್ತದೆ. ಡಿಸ್‌ಪ್ಲೇಯನ್ನು ಲ್ಯಾಂಬ್ಡಾಕ್ಕೆ (ಇಂಧನಕ್ಕೆ ಬೇಕಾದಷ್ಟೇ ಗಾಳಿ ಇದ್ದಾಗ 1 ತೋರುವ ಅಳತೆ) ಇಡಿ. ಇ20 (20% ಎಥನಾಲ್ ಬೆರೆತ) ಪೆಟ್ರೋಲಿಗೆ ಸರಿಯಾದ ಗಾಳಿ-ಇಂಧನ ಪ್ರಮಾಣ ಸುಮಾರು 13.5, ಶುದ್ಧ ಪೆಟ್ರೋಲಿನ 14.7 ಅಲ್ಲ, ಲ್ಯಾಂಬ್ಡಾ 1 ಎಂಬುದು ಎರಡಕ್ಕೂ ಒಂದೇ.

ವೈರಿಂಗ್‌ನಲ್ಲಿ ಕರೆಂಟನ್ನು ಇಗ್ನಿಷನ್ ಫ್ಯೂಸಿನಿಂದ ತೆಗೆಯಿರಿ. ಆಕ್ಸೆಸರಿ ಲೈನ್ ಸೆಲ್ಫ್ ಹೊಡೆಯುವಾಗ ಕಡಿದುಹೋಗುತ್ತದೆ. ಫ್ಯೂಸ್ ಟ್ಯಾಪ್ (ಹಳೆಯ ಫ್ಯೂಸಿನ ಜಾಗದಲ್ಲಿ ಕೂತು ಹೊಸ ಲೈನ್ ಕೊಡುವ ತುಣುಕು) ಉಲ್ಟಾ ಕೂತರೆ ಗೇಜಿನ ಕರೆಂಟೂ ಹಳೆಯ ಫ್ಯೂಸಿನ ಮೂಲಕವೇ ಹಾಯುತ್ತದೆ. ಕೂರಿಸುವ ಮೊದಲು ಯಾವ ಕಾಲಿಗೆ 12 ವೋಲ್ಟ್ ಬರುತ್ತದೆಂದು ಮಲ್ಟಿಮೀಟರಿನಲ್ಲಿ ನೋಡಿ. ಡಿಮ್ಮರ್ ವೈರಿಗೆ ಗೇಜಿನ ಲೈಟ್ ಸೇರಿಸಿದರೆ ಹೊಸ ಕಾರುಗಳಲ್ಲಿ ಅದು ಮಿಣುಕುತ್ತದೆ. ಗೇಜ್‌ಗಳ ಅರ್ತ್ ಎಲ್ಲವೂ ಒಂದೇ ಬೋಲ್ಟಿಗೆ, ಪೇಂಟ್ ಕೆರೆದ ಜಾಗಕ್ಕೆ ಬರಲಿ. ಫೈರ್‌ವಾಲ್‌ಗೆ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಹೊಸ ತೂತು ಕೊರೆಯದೆ, ಈಗಾಗಲೇ ಇರುವ ರಬ್ಬರ್ ಗ್ರಾಮೆಟ್ಟನ್ನೇ ಬಳಸಿ, ವೈರುಗಳು ಪೆಡಲ್ ಮತ್ತು ಸ್ಟೀರಿಂಗ್ ರಾಡಿನಿಂದ ದೂರವಿರಲಿ.

ಎ-ಪಿಲ್ಲರಿನ (ಮುಂದಿನ ಗಾಜಿನ ಪಕ್ಕದ ಕಂಬ) ಮೇಲೆ ಗೇಜ್ ಕೂರಿಸಿ ಎಂದು ಬಹಳ ಮಂದಿ ಕೇಳುತ್ತಾರೆ. ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ನಾವು ಒಪ್ಪುವುದಿಲ್ಲ. ಬ್ಯಾಗ್ ಬಿಚ್ಚಿಕೊಳ್ಳುವ ದಾರಿ ಅದೇ. ಅಲ್ಲಿ ಕೂತ ಗೇಜ್ ಬ್ಯಾಗನ್ನು ತಡೆಯುತ್ತದೆ, ಇಲ್ಲವೇ ಸಿಡಿದು ಮುಖಕ್ಕೆ ಬರುತ್ತದೆ. ಏಸಿ ವೆಂಟಿನ ಜಾಗ ಒಳ್ಳೆಯದು.

ಕಾರು ಕೊಡುವ ಮೊದಲು ಇಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಆಯಿಲ್ ಜಾಯಿಂಟುಗಳನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಆಮೇಲೆ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಉಪಕರಣ) ಹಾಕಿ ರಸ್ತೆಗೆ ಹೋಗಿ, ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗಿನ ಮ್ಯಾಪ್ ಓದಿಕೊಳ್ಳಿ. ಅದು 210 ಕಿಲೊಪ್ಯಾಸ್ಕಲ್ ಇದ್ದರೆ ಬೆಂಗಳೂರಿನ ಗಾಳಿಯ ಒತ್ತಡ ಸುಮಾರು 91 ಕಳೆದು ಬೂಸ್ಟ್ 119, ಅಂದರೆ 17 ಪಿಎಸ್‌ಐ ಚಿಲ್ಲರೆ. ಗೇಜ್ 15 ತೋರಿಸುತ್ತಿದ್ದರೆ ಮೊದಲು ಅದರ ಸೊನ್ನೆ ನೋಡಿ, ಆಮೇಲೆ ಟೀಯಿಂದ ಡಯಲ್‌ವರೆಗೆ ಹೋಸನ್ನು ಮತ್ತೊಮ್ಮೆ ಪರೀಕ್ಷಿಸಿ.